ತಲೆ ತಟ್ಟಿ ಕುಲ ಹೇಳುವ ಅಂಕಲ್

ಪಾಪಟೋಟೊಯಿ, ಆಕ್ಲೆಂಡ್
9 ಮಾರ್ಚ್ 2024

ಇವರಿಗೆ,
ಮಾನ್ಯ ಕನೀಜ್ ಆಪಾ, ಲ್ಯಾಬ್ ಟೆಕ್ನಿಷಿಯನ್ ಹಾಗೂ ನನ್ನ ಏಕೈಕ ಅಕ್ಕ, ಹಳಿಯಾಳ.

ವಿಷಯ: ದಿವಂಗತ ಅಬ್ಬಾ ಅವರ ಹಳೆಯ ಫೋಟೊ ಒಂದನ್ನು ಮಂಜೂರು ಮಾಡುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ತಿಂಗಳಿನಿಂದ ನಾನು ಇಗ್ಬೊ ಆಗಿದ್ದೇನೆ. ಗಾಬರಿ ಬೇಡ, ಕಾಯಿಲೆಯಲ್ಲ. ನೈಜೀರಿಯದ ಒಂದು ಜನಾಂಗ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮಿ ಸ್ಪೀಕರ್ ಹಾಕಿಕೊಂಡೇ ಕೂರುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದೆಂಬ ದೃಢ ನಂಬಿಕೆಯಿಂದ ಈ ಈಮೇಲ್.

ನಡೆದದ್ದು ಹೀಗೆ. ನಮ್ಮ ರೈಲು ನಿಲ್ದಾಣದ ಹತ್ತಿರ, ಇಂಡಿಯನ್ ದಿನಸಿ ಅಂಗಡಿಗಳ ಸಾಲು ಮುಗಿಯುವಲ್ಲಿ ಒಂದು ಕಟಿಂಗ್ ಶಾಪ್ ಇದೆ. ನನ್ನ ಕೂದಲಿಗೆ ಕೈ ಹಾಕುವ ಧೈರ್ಯ ಈ ಊರಿನಲ್ಲಿ ಅವರೊಬ್ಬರಿಗೇ. ಹೆಸರು ಇಫೇನಿ, ವಯಸ್ಸು ಅರವತ್ತನಾಲ್ಕು, ನೈಜೀರಿಯದವರು. ಈ ಅಂಕಲ್‌ಗೆ ಒಂದು ವಿದ್ಯೆ ಬರುತ್ತದೆ: ತಲೆ ಮುಟ್ಟಿ, ಹಣೆ ನೋಡಿ, ಎದುರಿಗಿರುವವನು ಯಾವ ಕುಲದವನೆಂದು ಹೇಳುವುದು. ತೆಳ್ಳಗೆ ಉದ್ದವಿದ್ದು ಮೂಗು ಚೂಪಾದರೆ ಫುಲಾನಿ. ಕೆನ್ನೆ ಅಗಲವಾದರೆ ಯೊರುಬಾ. ಭುಜ ಗಟ್ಟಿ, ಕುತ್ತಿಗೆ ಗಿಡ್ಡವಾದರೆ ಇಜಾವ್. ಮೈಬಣ್ಣದಲ್ಲಿ ಸ್ವಲ್ಪ ಕೆಂಪಿದ್ದು ಹಿಂದಲೆ ದುಂಡಗಿದ್ದರೆ ಇಗ್ಬೊ, ಅಂದರೆ ಅವರದೇ ಜನ. ಕುರ್ಚಿಯಲ್ಲಿ ಕೂತವನು ಒಪ್ಪದಿದ್ದರೆ "ಹೋಗಿ ನಿನ್ನ ಅಜ್ಜಿಯನ್ನು ಕೇಳು" ಅನ್ನುತ್ತಾರೆ. ನಾನು ಕೂತಿದ್ದ ಒಂದೇ ಮಧ್ಯಾಹ್ನ ಐದು ಜನರ ಕುಲ ನಿರ್ಧಾರವಾಯಿತು. ಯೊರುಬಾ ಎಂದು ತೀರ್ಮಾನವಾದವನು ಘಾನಾದವನು. ಇಜಾವ್ ಎಂದು ತೀರ್ಮಾನವಾದವನು ಫಿಜಿಯವನು. ಇಬ್ಬರೂ ಅಜ್ಜಿಯನ್ನು ಕೇಳುವುದಾಗಿ ಒಪ್ಪಿ ಎದ್ದುಹೋದರು.

ನನ್ನ ಸರದಿ ಬಂತು. ತೆಂಗಿನಕಾಯಿ ಕೊಳ್ಳುವವರ ಹಾಗೆ ಹಿಂದಲೆಯನ್ನು ಎರಡು ಸಲ ತಟ್ಟಿದರು. "ಇಗ್ಬೊ. ನಮ್ಮವನೇ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದರು.

ಆಪಾ, ನೀನೇ ನ್ಯಾಯ ಹೇಳು. ನವೆಂಬರಿನಲ್ಲಿ ಹಿಲ್ಸ್‌ಬರೋದ ಒಂದು ಹಾಲಿನಲ್ಲಿ ರಾಜ್ಯೋತ್ಸವ ಇತ್ತು, ಹೋಗಿದ್ದೆ. ಅರುಂಧತಿ ಆಂಟಿ ಎಂಬುವರು ಬಿಸಿಬೇಳೆ ಭಾತ್ ಬಡಿಸುತ್ತಾ, "ಅಯ್ಯೋ, ಎಷ್ಟ್ ಚೆನ್ನಾಗಿ ಕನ್ನಡ ಕಲ್ತಿದೀಯಪ್ಪಾ! ಇಂಡಿಯಾಲಿ ಎಷ್ಟ್ ವರ್ಷ ಇದ್ದೆ?" ಎಂದರು. "ನಾನ್ನೂರು ವರ್ಷ, ಆಂಟಿ" ಎಂದೆ. ನಕ್ಕು ಇನ್ನೊಂದು ಸೌಟು ಹಾಕಿದರು. ಸಿದ್ದಿ ಅಂದರೆ ಯಾರು, ನಮ್ಮವರನ್ನು ಆಫ್ರಿಕಾದಿಂದ ಹಡಗಿಗೆ ತುಂಬಿಸಿ ತಂದವರು ಯಾರು, ನಾವು ಹಳಿಯಾಳ ಸೇರಿದ್ದು ಹೇಗೆ, ಇಷ್ಟನ್ನೂ ಕ್ಯೂನಲ್ಲಿ ನಿಂತು ವಿವರಿಸುವಷ್ಟರಲ್ಲಿ ಹಪ್ಪಳ ಖಾಲಿಯಾಗಿತ್ತು. ಅಂಥಾದ್ದರಲ್ಲಿ ಇಲ್ಲೊಬ್ಬರು ಏನನ್ನೂ ಕೇಳದೆ ನಮ್ಮವನು ಅನ್ನುತ್ತಿದ್ದಾರೆ. ಇಲ್ಲ ಅನ್ನುವುದು ಮರ್ಯಾದೆಯೇ?

ಆದ್ದರಿಂದ ಹೂಂ ಅಂದೆ. ಈಗ ನನಗೆ ಚಿಡಿ ಎಂದು ಹೆಸರು. ಹತ್ತು ಜನ ಕಾಯುತ್ತಿದ್ದರೂ "ಚಿಡಿ, ಬಾರೋ!" ಎಂದು ಬಾಗಿಲಿನಿಂದಲೇ ಕೂಗಿ ಕುರ್ಚಿ ಹತ್ತಿಸುತ್ತಾರೆ. ಭಾನುವಾರ ಡಬ್ಬಿಯಲ್ಲಿ ಕೆಂಪನ್ನ, ಕೋಳಿ ಬರುತ್ತದೆ. ಕಥೆಗೆ ತೂಕ ಬರಲೆಂದು ಅಬ್ಬಾನ ವಿಷಯದಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಬೇಕಾಯಿತು. ಅದರ ಪೂರಕ ದಾಖಲೆಯಾಗಿ ಅಂಕಲ್ ಅಬ್ಬಾನ ಎಳೆವಯಸ್ಸಿನ ಫೋಟೊ ಕೇಳುತ್ತಿದ್ದಾರೆ. ಟ್ರಂಕಿನಲ್ಲಿರುವ, ಓಟದ ಬನಿಯನ್ ಹಾಕಿದ ಆ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಕಳಿಸಬೇಕಾಗಿ ವಿನಂತಿ.

ತಮ್ಮ ವಿಧೇಯ,
ರೆಹಾನ್, ಉರುಫ್ ಚಿಡಿ


ಹಳಿಯಾಳ
11 ಮಾರ್ಚ್ 2024

ರೆಹಾನ್,

ಅರ್ಜಿ ತಲುಪಿತು. ಅರುಂಧತಿ ಆಂಟಿಯ ಭಾಗವನ್ನು ಎರಡು ಸಲ ಓದಿ ನಕ್ಕೆ. ಮೂರನೇ ಸಲ ಓದಿದಾಗ ನಗು ಬರಲಿಲ್ಲ.

ಸಣ್ಣ ತಿದ್ದುಪಡಿ ಅಂದರೇನು? ನೀನು ಆರನೇ ಇಯತ್ತೆಯಲ್ಲಿದ್ದಾಗ, ಅಬ್ಬಾ ತೀರಿಕೊಂಡಿದ್ದಾನೆ ಎಂದು ಮಾಸ್ತರಿಗೆ ಚೀಟಿ ಬರೆದುಕೊಟ್ಟು ಮ್ಯಾಚ್ ನೋಡಲು ಹೋಗಿದ್ದೆ. ಮರುದಿನ ಅಬ್ಬಾ ಸಾಲಿ ಮುಂದೇ ಟೆಂಪೊ ನಿಲ್ಲಿಸಿ, ಇಳಿದು ಬಂದು, "ನಾನ್ರೀ ಸರ, ನಿನ್ನೆ ಸತ್ತಾಂವ" ಎಂದು ಮಾಸ್ತರಿಗೆ ಕೈಮುಗಿದ. ಆ ತಿದ್ದುಪಡಿ ನನಗೆ ಇನ್ನೂ ನೆನಪಿದೆ. ಈಗ ಟೆಂಪೊ ನಿಲ್ಲಿಸಿ ಇಳಿದು ಬರಲು ಅವನಿಲ್ಲ.

ಏನು ಹೇಳಿದ್ದೀ, ಪೂರ್ತಿ ಬರಿ. ಆಮೇಲೆ ಫೋಟೊ ಮಾತು.

ಕನೀಜ್


ಪಾಪಟೋಟೊಯಿ
2 ಏಪ್ರಿಲ್ 2024

ಮಾನ್ಯರೇ,

ಇದು ಏಕಸದಸ್ಯ ವಿಚಾರಣಾ ಆಯೋಗದ ಮಧ್ಯಂತರ ವರದಿ. ಆಯೋಗದ ಅಧ್ಯಕ್ಷನೂ ನಾನೇ, ಆರೋಪಿಯೂ ನಾನೇ. ಖರ್ಚು ಉಳಿಯಲಿ ಎಂದು.

ಏರ್‌ಪೋರ್ಟಿನಲ್ಲಿ ಸೂಟ್‌ಕೇಸುಗಳನ್ನು ಬೆಲ್ಟಿಗೆ ಎತ್ತಿಹಾಕುವುದು ನನ್ನ ಕೆಲಸವೆಂದು ನಿನಗೆ ಗೊತ್ತು. ಹೋಗಿಬರುವ ಬಸ್ಸಿನಲ್ಲಿ ಬೇರೆ ಕಸುಬಿಲ್ಲ. ಇಗ್ಬೊ ಆದವನಿಗೆ ಸ್ವಲ್ಪ ವಿಷಯಜ್ಞಾನ ಬೇಡವೇ ಎಂದು ಮೊಬೈಲಿನಲ್ಲಿ ಓದಿದೆ. ಅರವತ್ತರ ದಶಕದ ಕೊನೆಗೆ ಅವರ ನಾಡಿನಲ್ಲಿ ಯುದ್ಧವಾಗಿತ್ತು. ಯುದ್ಧದ ಜೊತೆಗೆ ಹಸಿವು. ಸಾವಿರಾರು ಮಕ್ಕಳನ್ನು ವಿಮಾನದಲ್ಲಿ ಗ್ಯಾಬೊನ್ ಮುಂತಾದ ದೇಶಗಳಿಗೆ ಸಾಗಿಸಿದರು. ಕೆಲವರು ತಿರುಗಿ ಬರಲೇ ಇಲ್ಲ. ಓದಲು ಬಹಳ ಗಂಭೀರವಾಗಿತ್ತು. ಅದೇ ವಾರ ಅಂಕಲ್ ಕೂದಲು ಕತ್ತರಿಸುತ್ತಾ, "ನಿನ್ನ ಅಪ್ಪ ಯಾವ ಊರು?" ಎಂದರು.

ನಾನು ಹೇಳಿದ್ದು: ನಮ್ಮಪ್ಪ ಆ ಮಕ್ಕಳಲ್ಲಿ ಒಬ್ಬ. ಆಗ ನಾಲ್ಕು ವರ್ಷ. ಗ್ಯಾಬೊನ್‌ನಲ್ಲಿದ್ದ ಗೋವಾದ ಪಾದ್ರಿಯೊಬ್ಬರು ಅವನನ್ನು ಸಾಕಿ ಗೋವಾಕ್ಕೆ ಕರೆತಂದರು. ದೊಡ್ಡವನಾಗಿ ಹಳಿಯಾಳಕ್ಕೆ ಟೆಂಪೊ ಓಡಿಸುತ್ತಾ ಬಂದು ಅಮ್ಮಿಯನ್ನು ನೋಡಿದ, ಮುಸಲ್ಮಾನನಾದ. ಎಲ್ಲ ಕೀಲುಗಳೂ ಎಷ್ಟು ಸರಿಯಾಗಿ ಕೂತವೆಂದರೆ ಕೊನೆಯಲ್ಲಿ ನಾನೇ ನಂಬಿಬಿಟ್ಟೆ.

ಅಂಕಲ್ ಮಶೀನ್ ಆರಿಸಿದರು. ಆಗಿದ್ದು ಅರ್ಧ ತಲೆ ಮಾತ್ರ. ಒಳಗೆ ಹೋಗಿ ಒಂದು ಫೋಟೊ ತಂದರು. ಇಬ್ಬರು ಹುಡುಗರು. ಎಂಟೊಂಬತ್ತು ವರ್ಷದವನು ಚಿಕ್ಕವನ ಅಂಗಿಯ ಕಾಲರ್ ಹಿಡಿದುಕೊಂಡಿದ್ದಾನೆ, ಓಡಿಹೋಗದ ಹಾಗೆ. ದೊಡ್ಡವನು ಅಂಕಲ್. ಚಿಕ್ಕವನು ಅವರ ತಮ್ಮ ಒಬಿನ್ನಾ, ನಾಲ್ಕು ವರ್ಷ. ಅರವತ್ತೊಂಬತ್ತರಲ್ಲಿ ಅವನನ್ನು ವಿಮಾನ ಹತ್ತಿಸಿದರು. ಅಷ್ಟೆ. ಆಮೇಲೆ ಸುದ್ದಿಯಿಲ್ಲ.

ಆ ಫೋಟೊ ಒಂದು ಕೈಯಲ್ಲಿ, ನನ್ನ ಗದ್ದ ಒಂದು ಕೈಯಲ್ಲಿ ಹಿಡಿದು ಕನ್ನಡಿಯ ಮುಂದೆ ನಿಲ್ಲಿಸಿದರು. "ಹಣೆ ನೋಡಿ" ಎಂದರು. ಕಾಯುತ್ತಿದ್ದವರೆಲ್ಲಾ ಎದ್ದು ಬಂದು ನೋಡಿದರು. ಅದೇ ಹಣೆ ಎಂದರು. ಫಿಜಿಯವನೂ ಒಪ್ಪಿದ.

ಅರ್ಧ ಕಟಿಂಗಿನಲ್ಲೇ ಮನೆಗೆ ಬಂದೆ. ನನ್ನ ಫ್ಲ್ಯಾಟ್‌ಮೇಟ್ ಧೀರಜ್, ಮೈಸೂರಿನವನು, "ಏನೋ ಇದು, ಹೊಸ ಫ್ಯಾಷನ್ನಾ?" ಅಂದ.

ಆಯೋಗದ ಸದ್ಯದ ಶಿಫಾರಸು: ಸತ್ಯ ಹೇಳಲು ಸರಿಯಾದ ಸಮಯಕ್ಕಾಗಿ ಕಾಯತಕ್ಕದ್ದು.

ಇಂತಿ,
ಅಧ್ಯಕ್ಷ ಹಾಗೂ ಆರೋಪಿ


ಹಳಿಯಾಳ
5 ಏಪ್ರಿಲ್ 2024

ರೆಹಾನ್,

ಮೂರು ದಿನ ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನೀನು ಕೇಳಿದ ಆ ಫೋಟೊದಲ್ಲಿ ಅಬ್ಬಾನಿಗೆ ಹದಿನೈದು. ಓಟಗಾರರನ್ನು ಹುಡುಕುತ್ತಾ ಸರ್ಕಾರದ ಜೀಪಿನಲ್ಲಿ ಬಂದವರು ನಮ್ಮ ಓಣಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಟೇಪು ಹಿಡಿದು ತೊಡೆ, ಮೀನಖಂಡ, ಎದೆ ಅಳೆದರು. ಆಫ್ರಿಕಾದ ಮೈ, ಮೆಡಲ್ ಗ್ಯಾರಂಟಿ ಎಂದರು. ಬೆಂಗಳೂರಿಗೆ ಒಯ್ದು ಹಾಸ್ಟೆಲಿನಲ್ಲಿಟ್ಟು ಹಾಲು, ಮೊಟ್ಟೆ ಕೊಟ್ಟರು. ಅಬ್ಬಾ ಚೆನ್ನಾಗಿಯೇ ಓಡಿದ. ನಾಲ್ಕು ವರ್ಷದ ಮೇಲೆ ಒಂದು ದಿನ ಯೋಜನೆ ನಿಂತಿದೆ ಎಂದು ಹೇಳಿ ಎಲ್ಲರನ್ನೂ ಬಸ್ಸು ಹತ್ತಿಸಿದರು. ಬಂದು ಟೆಂಪೊ ಹಿಡಿದ.

ನಾನು ಒಂಬತ್ತನೆಯಲ್ಲಿ ಓಟಕ್ಕೆ ಸೇರುತ್ತೇನೆ ಎಂದಾಗ ಬೇಡವೇ ಬೇಡ ಅಂದ. ಹಟ ಹಿಡಿದು ಕಾರಣ ಕೇಳಿದೆ. "ಕಾಲು ನೋಡಿದ್ರು, ನಂಬರ್ ಕೊಟ್ರು. ನಾಕು ವರ್ಷದಾಗ ಒಬ್ಬರೂ ಹೆಸರು ಕೇಳ್ಲಿಲ್ಲ" ಅಂದ. ಫೋಟೊದಲ್ಲಿ ಬನಿಯನ್ ಮೇಲೆ 37 ಅಂತ ಇದೆಯಲ್ಲ, ಅದೇ.

ಈಗ ನೀನು ಅವನಿಗೆ ಒಬಿನ್ನಾ ಅಂತ ಹೆಸರಿಟ್ಟಿದ್ದೀ.

ಅಬ್ಬಾನ ಮಾತು ಹಾಗಿರಲಿ. ಆ ಮನುಷ್ಯ ಐವತ್ತೈದು ವರ್ಷದಿಂದ ತಮ್ಮನಿಗಾಗಿ ಕಾಯುತ್ತಿದ್ದಾನೆ. ನಾಳೆಯೇ ಹೋಗಿ ಹೇಳು. ಸರಿಯಾದ ಸಮಯವಂತೆ!

ಫೋಟೊ ಕೊಡುವುದಿಲ್ಲ.

ಕನೀಜ್


ಪಾಪಟೋಟೊಯಿ
28 ಏಪ್ರಿಲ್ 2024

ವಿಷಯ: ಉಗುಳಿನ ಕುರಿತು.

ಮಾನ್ಯರೇ,

ತಮ್ಮ ಆದೇಶದಂತೆ ಸತ್ಯ ಹೇಳಲು ಮೂರು ಸಲ ಹೋದೆ. ಮೊದಲನೇ ಸಲ ಅಂಗಡಿ ತುಂಬಿತ್ತು. ಎರಡನೇ ಸಲ ಅಂಗಡಿ ಖಾಲಿಯಿತ್ತು, ಅಂಕಲ್ ಹಾಡು ಹೇಳಿಕೊಂಡು ನೆಲ ಗುಡಿಸುತ್ತಿದ್ದರು. ಹಾಡು ಮುಗಿಯಲಿ ಎಂದು ಕಾದೆ. ಅದು ಮುಗಿಯುವ ಜಾತಿಯ ಹಾಡಲ್ಲ. ಮೂರನೇ ಸಲ ಹೋದಾಗ ನನ್ನ ಕೈಗೊಂದು ಡಬ್ಬಿ ಕೊಟ್ಟರು. ಉಗುಳು ತುಂಬಿಸಿ ಕಳಿಸಿದರೆ ವಂಶ ಯಾವುದೆಂದು ಹೇಳುತ್ತಾರಲ್ಲ, ಅದು. ಅವರಿಗೊಂದು ಟ್ಯೂಬು, ನನಗೊಂದು.

ನನಗೆ ಮೊದಲು ಹೊಳೆದದ್ದು ಧೀರಜನ ಉಗುಳು. ಒಬಿನ್ನಾನ ಮಗ ನೂರಕ್ಕೆ ನೂರು ಮೈಸೂರಿನವನೆಂದು ಬಂದರೆ ಏನೋ ಗೋಲ್‌ಮಾಲ್ ಎಂದು ಎಲ್ಲರೂ ನಕ್ಕು ಮರೆಯುತ್ತಾರೆ. ಒಂದು ತಿಂಗಳು ನಾನೇ ಪಾತ್ರೆ ತೊಳೆಯುವ ಕರಾರಿನ ಮೇಲೆ ಧೀರಜ್ ಫೋನಿನಲ್ಲೇ ಒಪ್ಪಿ, ಅರ್ಧ ಗಂಟೆ ಕಾಫಿಯನ್ನೂ ಬಿಟ್ಟು ಕೂತಿದ್ದ. ಮೈಸೂರಿನವನು ಇದಕ್ಕಿಂತ ದೊಡ್ಡ ತ್ಯಾಗ ಮಾಡಲಾರ. ಆದರೆ ಅಂಕಲ್ ಡಬ್ಬಿಯನ್ನು ಮನೆಗೆ ಒಯ್ಯಲು ಬಿಡಲಿಲ್ಲ. "ಇಬ್ಬರೂ ಒಟ್ಟಿಗೇ" ಎಂದರು.

ಎದುರುಬದುರು ಕೂತು ಉಗುಳಿದೆವು. ಅದಕ್ಕೆ ಮುಂಚಿನ ಅರ್ಧ ಗಂಟೆ ಏನೂ ತಿನ್ನುವಂತಿಲ್ಲ. ಅಷ್ಟು ಹೊತ್ತೂ ಒಬಿನ್ನಾ. ಅವನಿಗೆ ಬೆಂದ ಗೆಣಸು ಇಷ್ಟ. ಕತ್ತಲೆಯೆಂದರೆ ಭಯವಿಲ್ಲ, ಕೋಳಿಯೆಂದರೆ ಭಯ. ವಿಮಾನ ಹತ್ತಿಸುವಾಗ ಅಣ್ಣನೂ ಬರುತ್ತಾನೆ ಎಂದು ಯಾರೋ ಅವನಿಗೆ ಸುಳ್ಳು ಹೇಳಿದ್ದರಂತೆ. ನನ್ನ ಬಾಯಿ ಒಣಗಿತ್ತು. ಟ್ಯೂಬು ತುಂಬಲು ಬಹಳ ಹೊತ್ತಾಯಿತು. "ನಮ್ಮ ಮನೆತನದವರೆಲ್ಲಾ ಹೀಗೇ, ಉಗುಳು ಕಡಿಮೆ" ಎಂದು ಅಂಕಲ್ ಸಂತೋಷಪಟ್ಟರು.

ಆರು ವಾರದಲ್ಲಿ ಫಲಿತಾಂಶ. ಆಗ ವಿಜ್ಞಾನವೇ ನನ್ನ ಪರವಾಗಿ ಸತ್ಯ ಹೇಳುತ್ತದೆ. ನಾನು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತರೆ ಸಾಕು.

ವಿಜ್ಞಾನದ ವಿಧೇಯ ವಿದ್ಯಾರ್ಥಿ,
ರೆಹಾನ್


ಹಳಿಯಾಳ
1 ಮೇ 2024

ರೆಹಾನ್,

ವಿಜ್ಞಾನ ನಿನ್ನ ಪರವಾಗಿ ಏನೂ ಹೇಳುವುದಿಲ್ಲ. ನಾನು ದಿನಕ್ಕೆ ನಲವತ್ತು ಜನರ ರಕ್ತ ತೆಗೆಯುವವಳು. ರಕ್ತ ನೋಡಿ ಇಂಥವರ ಮಗ, ಇಂಥ ಕುಲ ಎಂದು ನನಗೆ ಇವತ್ತಿನವರೆಗೂ ತಿಳಿದಿಲ್ಲ. ಬೆಳಿಗ್ಗೆ ಚಹಾ, ಬಿಸ್ಕೀಟು ಮುಗಿಸಿ ಬಂದು "ಉಪಾಸ ಅದೀನ್ರೀ" ಎಂದವರು ಯಾರೆಂಬುದು ಮಾತ್ರ ಸಕ್ಕರೆ ನೋಡಿದಾಗ ತಿಳಿಯುತ್ತದೆ. ರಿಪೋರ್ಟ್ ಮುಂದಿಟ್ಟರೂ ಅವರು ಒಪ್ಪುವುದಿಲ್ಲ. ಮಶೀನ್ ಸರಿಯಿಲ್ಲ ಅನ್ನುತ್ತಾರೆ.

ಅಮ್ಮಿ ನಿನ್ನ ದನಿ ಸಣ್ಣಗಾಗಿದೆ ಅನ್ನುತ್ತಾಳೆ. ಥಂಡಿ ಇರಬೇಕು ಎಂದೆ. ನೋಡು, ಈಗ ನಾನೂ ಶುರು ಮಾಡಿದೆ.

ಕನೀಜ್


ಪಾಪಟೋಟೊಯಿ
16 ಜೂನ್ 2024

ಮಾನ್ಯರೇ,

ಫಲಿತಾಂಶ ಪ್ರಕಟವಾಗಿದೆ. ನೂರರಲ್ಲಿ ನನ್ನ ಅಂಕಗಳು ಹೀಗಿವೆ. ಮೊಜಾಂಬಿಕ್, ತಾಂಜಾನಿಯಾ ಕಡೆಯ ಆಗ್ನೇಯ ಆಫ್ರಿಕಾ ಅರವತ್ತಾರು. ಭಾರತದ ಪಶ್ಚಿಮ ಕರಾವಳಿ ಇಪ್ಪತ್ತಾರು. ನೈಜೀರಿಯ ನಾಲ್ಕು. ಇನ್ನು ನಾಲ್ಕು ಎಲ್ಲಿಯದೆಂದು ಅವರಿಗೂ ತಿಳಿದಿಲ್ಲ. ಅಂಕಲ್‌ಗೂ ನನಗೂ ನೆಂಟಸ್ತಿಕೆ ಇಲ್ಲ ಎಂದು ಪ್ರತ್ಯೇಕವಾಗಿ, ದಪ್ಪ ಅಕ್ಷರದಲ್ಲಿ ಬರೆದಿದೆ. ನಾನು ತಲೆ ತಗ್ಗಿಸಿ ಸಿದ್ಧನಾಗಿ ನಿಂತೆ.

ಅಂಕಲ್ ಮೊದಲು ತಮ್ಮದನ್ನು ಓದಿದರು. ನೈಜೀರಿಯ ಎಂಬತ್ತೊಂದು. ಉಳಿದದ್ದು ಬೆನಿನ್, ಕ್ಯಾಮರೂನ್. ಇಗ್ಬೊ ಎಂಬ ಪದ ಎಲ್ಲೂ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ದಕ್ಷಿಣ ನೈಜೀರಿಯದ ಅಕ್ಕಪಕ್ಕದ ಜನರು ಎಷ್ಟೋ ಕಾಲದಿಂದ ಒಬ್ಬರಲ್ಲೊಬ್ಬರು ಬೆರೆತಿರುವುದರಿಂದ, ಇವನು ಇಗ್ಬೊ, ಇವನು ಯೊರುಬಾ ಎಂದು ಉಗುಳಿನಿಂದ ಬಿಡಿಸಿ ಹೇಳುವುದು ಕಷ್ಟ.

ಅಂಕಲ್ ಕನ್ನಡಕ ತೆಗೆದರು. "ನನ್ನನ್ನೇ ಇಗ್ಬೊ ಅನ್ನಲು ಬಾರದ ಮಶೀನ್ ನಿನ್ನನ್ನು ಒಬಿನ್ನಾನ ಮಗ ಅನ್ನುತ್ತದೆಯೇ?" ಎಂದು ತಮ್ಮ ಹಾಳೆಯನ್ನು ಕೂದಲಿನ ಬುಟ್ಟಿಗೆ ಹಾಕಿದರು. ನನ್ನ ಹಾಳೆಯಲ್ಲಿ ನಾಲ್ಕರ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. "ಇದೆಯಲ್ಲ, ನಾಲ್ಕು. ಆ ಇಪ್ಪತ್ತಾರು ನಿನ್ನ ತಾಯಿ."

"ಮತ್ತೆ ಅರವತ್ತಾರು, ಅಂಕಲ್?"

"ಮಶೀನ್."

ಎನುಗು ಎಂಬ ಊರಿನಲ್ಲಿ ಅವರ ಅಕ್ಕ ಇದ್ದಾರೆ, ಅಡಾ, ಎಪ್ಪತ್ತೊಂಬತ್ತು ವರ್ಷ, ಹಾಸಿಗೆ ಹಿಡಿದಿದ್ದಾರೆ. ಖಚಿತವಾಗಲಿ ಎಂದು ಇಷ್ಟು ದಿನ ಅವರಿಗೆ ತಿಳಿಸಿರಲಿಲ್ಲವಂತೆ. ಬರುವ ಭಾನುವಾರ ವಿಡಿಯೊ ಕಾಲ್ ಮಾಡಿ ನನ್ನ ಹಣೆ ತೋರಿಸುತ್ತಾರೆ. ಬಿಳಿ ಅಂಗಿ ಹಾಕಿಕೊಂಡು ಬಾ ಎಂದಿದ್ದಾರೆ.

ಆಪಾ, ಒಂದು ಮಾತು. ಈ ಊರಿನಲ್ಲಿ ಬಾಗಿಲಿನಿಂದ ಕೂಗಿ ಬಾರೋ ಅನ್ನುವವರು ನನಗೆ ಬೇರೆ ಯಾರೂ ಇಲ್ಲ.

ರೆಹಾನ್


ಹಳಿಯಾಳ
18 ಜೂನ್ 2024

ರೆಹಾನ್,

ಗೊತ್ತು. ಮೊದಲನೇ ಅರ್ಜಿಯಲ್ಲೇ ಗೊತ್ತಾಗಿತ್ತು.

ಆದರೂ ಶನಿವಾರ ಹೋಗು. ಕುರ್ಚಿಯಲ್ಲಿ ಕೂತ ಮೇಲೆ ಹೇಳು. ನಿಂತು ಹೇಳಲು ಹೋದರೆ ಓಡಿಬಿಡುತ್ತೀ. ಓಡುವುದು ನಮ್ಮ ಮನೆತನದಲ್ಲೇ ಇದೆ.

ಫೋಟೊವನ್ನು ನಿನ್ನೆ ಅಂಚೆಗೆ ಹಾಕಿದೆ. ಮೊಬೈಲಿನದಲ್ಲ, ಅದೇ ಫೋಟೊ. ಹಿಂದೆ ಅಬ್ಬಾನ ಹೆಸರು ಬರೆದಿದ್ದೇನೆ. ಆ ಹೆಸರು ಹೇಳಿ ತೋರಿಸುವುದಾದರೆ ತೋರಿಸು. ಇಲ್ಲದಿದ್ದರೆ ಲಕೋಟೆ ಒಡೆಯದೆ ವಾಪಸ್ ಕಳಿಸು. ಅಮ್ಮಿಗೆ ಹೇಳಿಲ್ಲ.

ಕನೀಜ್


ಪಾಪಟೋಟೊಯಿ
22 ಜೂನ್ 2024

ಆಪಾ,

ಹೇಳಿದೆ.

ಕುತ್ತಿಗೆಗೆ ಬಟ್ಟೆ ಕಟ್ಟಿ ಮಶೀನ್ ಶುರು ಮಾಡಿದ ಮೇಲೆ, ಕನ್ನಡಿ ನೋಡಿಕೊಂಡು ಹೇಳಿದೆ. "ಅಂಕಲ್, ನನ್ನ ಅಪ್ಪ ಒಬಿನ್ನಾ ಅಲ್ಲ. ಅದು ನಾನು ಬಸ್ಸಿನಲ್ಲಿ ಓದಿ ಕಟ್ಟಿದ ಕಥೆ. ನನ್ನ ಅಪ್ಪ ಹಳಿಯಾಳದಲ್ಲಿ ಹುಟ್ಟಿ ಹಳಿಯಾಳದಲ್ಲೇ ಸತ್ತವರು. ತಮಾಷೆಗೆ ಹೇಳಿದೆ. ನಿಮಗೆ ತಮ್ಮ ಇದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಳಲಿಲ್ಲ."

ಮಶೀನ್ ನಿಲ್ಲಲಿಲ್ಲ. ಕೇಳಿಸಲಿಲ್ಲವೇನೋ ಎಂದು ತಿರುಗಲು ಹೋದೆ. "ತಲೆ ಅಲ್ಲಾಡಿಸಬೇಡ" ಎಂದರು.

ಇವತ್ತು ಅರ್ಧಕ್ಕೆ ಬಿಡಲಿಲ್ಲ. ಕಿವಿಯ ಹಿಂದೆ ಬ್ಲೇಡು ಹಿಡಿದು ಗೆರೆ ತೀಡಿದರು. ಬ್ರಷ್ಷಿನಿಂದ ಕುತ್ತಿಗೆ ಗುಡಿಸಿದರು. ಸಣ್ಣ ಕನ್ನಡಿ ಹಿಡಿದು ಹಿಂದಲೆ ತೋರಿಸಿ "ಸರಿಯಿದೆಯಾ?" ಎಂದರು. "ಸರಿಯಿದೆ" ಎಂದೆ. ಬಟ್ಟೆ ಬಿಚ್ಚಿ ಕೊಡವಿದರು.

ಬಾಗಿಲ ಹತ್ತಿರ ನಿಂತು, ಎನುಗುವಿನ ಅಕ್ಕ ಏನೆನ್ನುತ್ತಾರೆ ಎಂದು ಕೇಳಿದೆ. "ಅವಳಿಗೆ ಹೇಳಿರಲಿಲ್ಲ. ಒಳ್ಳೆಯದೇ ಆಯಿತು" ಎಂದರು. ಆಮೇಲೆ ಗೋಡೆಯಲ್ಲಿರುವ ಪೆಟ್ಟಿಗೆ ತೋರಿಸಿದರು. ನಂಬರಿನ ಚೀಟಿ ಹರಿದುಕೊಳ್ಳುವ ಪೆಟ್ಟಿಗೆ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ. "ಇನ್ನು ಮುಂದೆ ಚೀಟಿ ತಗೊಂಡು ಕೂತ್ಕೋ" ಎಂದರು.

ಬಿಳಿ ಅಂಗಿಗೆ ಇಸ್ತ್ರಿ ಮಾಡಿಟ್ಟಿದ್ದೆ. ಮಡಿಸಿ ಒಳಗಿಟ್ಟೆ. ಆಯೋಗ ವಿಸರ್ಜನೆಯಾಗಿದೆ.

ರೆಹಾನ್


ಪಾಪಟೋಟೊಯಿ
3 ಆಗಸ್ಟ್ 2024

ಆಪಾ,

ಫೋಟೊ ಬಂದು ಮೂರು ವಾರವಾಯಿತು. ಲಕೋಟೆಯನ್ನು ಜಾಕೆಟ್ಟಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಕೂದಲು ಕಿವಿ ಮುಚ್ಚಿತು. ಧೀರಜ್, ನಗರದ ಇನ್ನೊಂದು ತುದಿಯ ನ್ಯೂ ಲಿನ್‌ನಲ್ಲಿ ಬೇರೆ ಅಂಗಡಿ ಇದೆ, ಅಲ್ಲಿಗೆ ಹೋಗು ಎಂದ. ಇವತ್ತು ಇಲ್ಲಿಗೇ ಹೋದೆ.

ಚೀಟಿ ಹರಿದುಕೊಂಡೆ. ಹದಿನಾಲ್ಕು. ಅಂಕಲ್ ತಲೆ ಎತ್ತಿ ನೋಡಿ ಕೆಲಸ ಮುಂದುವರಿಸಿದರು. ಫಿಜಿಯವನು ಪಕ್ಕದಲ್ಲಿದ್ದ. "ಚಿಡಿ, ನೀನ್ಯಾಕೆ ಇಲ್ಲಿ ಕೂತೆ?" ಎಂದ. "ನಾನು ಚಿಡಿ ಅಲ್ಲ, ರೆಹಾನ್" ಎಂದೆ. ಅವನು ಅಂಕಲ್ ಕಡೆ ನೋಡಿ, ದನಿ ತಗ್ಗಿಸಿ, "ನಾನೂ ಇಜಾವ್ ಅಲ್ಲ" ಎಂದ.

ಒಂದೂವರೆ ಗಂಟೆ ಕಾದ ಮೇಲೆ ಹದಿನಾಲ್ಕು ಎಂದು ಕೂಗಿದರು. ಹೆಸರಿಲ್ಲ, ನಂಬರು ಅಷ್ಟೆ. ಕುರ್ಚಿ ಹತ್ತಿ, ಲಕೋಟೆ ಒಡೆದು, ಫೋಟೊವನ್ನು ಕನ್ನಡಿಯ ಕೆಳಗೆ ಬಾಚಣಿಗೆಗಳ ಪಕ್ಕ ಇಟ್ಟೆ. "ಇವರು ನನ್ನ ಅಪ್ಪ" ಎಂದೆ.

ಅಂಕಲ್ ಕೈ ಒರೆಸಿಕೊಂಡರು. ಕನ್ನಡಕ ಹಾಕಿಕೊಂಡು ಫೋಟೊ ಎತ್ತಿಕೊಂಡರು. ಬಹಳ ಹೊತ್ತು ನೋಡಿದರು. ಹಿಂದೆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಯಾರೋ, "ಯಾವ ಕುಲ, ಅಂಕಲ್?" ಎಂದರು. ಅವರು ಫೋಟೊ ತಿರುಗಿಸಿ ನೀನು ಬರೆದದ್ದರ ಮೇಲೆ ಹೆಬ್ಬೆರಳು ಆಡಿಸಿದರು. ಕನ್ನಡ ಅವರಿಗೆ ಹೇಗೆ ಬರಬೇಕು. ಮತ್ತೆ ಮುಂದಕ್ಕೆ ತಿರುಗಿಸಿದರು.

"ನೋಡಿದರೆ ಗೊತ್ತಾಗುವುದಿಲ್ಲ" ಎಂದರು. ಆ ಅಂಗಡಿಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಡೆ ನೋಡಿ, "ಇವರ ಹೆಸರೇನು?" ಎಂದರು.

ಹೇಳಿದೆ.

"ಇನ್ನೊಂದು ಸಲ ಹೇಳು."

ಹೇಳಿದೆ. ಅವರೂ ಹೇಳಲು ನೋಡಿದರು, ಆಗಲಿಲ್ಲ. ಮತ್ತೆ ಹೇಳಿಸಿಕೊಂಡರು. ಮೂರನೇ ಸಲಕ್ಕೆ ಸರಿಯಾಗಿ ಬಂತು. ಆಮೇಲೆ ಫೋಟೊವನ್ನು ನನ್ನ ಜೇಬಿಗೆ ತಾವೇ ಇಟ್ಟು, ಬಟ್ಟೆ ಕಟ್ಟಿದರು.

ಕಟಿಂಗ್ ಚೆನ್ನಾಗಿದೆ. ಹಿಂದಲೆ ಮಾತ್ರ ತಟ್ಟಲಿಲ್ಲ.

ನಿನ್ನ ತಮ್ಮ,
ರೆಹಾನ್ ಇಮಾಮಸಾಬ ಸಿದ್ದಿ